ಹಿತ್ತಿಲ ತರಕಾರಿ ಪ್ರಶ್ನೋತ್ತರ: ಟೊರಾಂಟೊ ಸುತ್ತಮುತ್ತಲಿನವರಿಗೆ (ಏಪ್ರಿಲ್)

ಬ್ರಾಂಪ್ಟನ್ ಹಿತ್ತಲು: ನಮಸ್ತೆ ಮೇಡಂ. ಇರೋದು 4×8 ಅಡಿ ಪಾತಿ ಒಂದೇ. ಏನು ಹಾಕಿದ್ರೆ ಅಂಗಡಿ ಖರ್ಚು ಉಳಿಯುತ್ತೆ?

ನರ್ಸರಿ ಮೇಡಂ: ನಮಸ್ಕಾರ. ಆಲೂಗಡ್ಡೆ, ಈರುಳ್ಳಿ, ಕೋಸು ಬೇಡ. ಅಂಗಡೀಲಿ ಅಗ್ಗ, ಪಾತೀಲಿ ಜಾಗ ತಿನ್ನುತ್ತವೆ. ಸೊಪ್ಪು ಹಾಕಿ. ಮೆಂತ್ಯ, ಸಬ್ಬಸಿಗೆ ಈಗಲೇ ಚೆಲ್ಲಿ. ಅಡುಗೆಮನೆ ಡಬ್ಬದ ಮೆಂತ್ಯವೇ ಸಾಕು, ತಿಂಗಳೊಳಗೇ ಕೊಯ್ಲಿಗೆ ಬರುತ್ತೆ. ಪಾಲಕ್ ಹಗಲು ಉದ್ದವಾದ್ರೆ ಹೂಕಡ್ಡಿ ಎತ್ತುತ್ತೆ. ಅದರ ಬದಲು ಸ್ವಿಸ್ ಚಾರ್ಡ್: ಹೊರಗಿನ ಎಲೆ ಮುರಿದಷ್ಟೂ ಒಳಗಿಂದ ಬರುತ್ತೆ, ಸಣ್ಣ ಫ್ರಾಸ್ಟಿಗೆ (ಮಂಜು ಹೆಪ್ಪುಗಟ್ಟೋ ಚಳಿಗೆ) ಜಗ್ಗಲ್ಲ. ಹರಿವೆ, ಬೀನ್ಸ್ ವಿಕ್ಟೋರಿಯಾ ಡೇ (ಮೇ ಕೊನೆಯ ಹೊತ್ತಿಗೆ ಬರೋ ಇಲ್ಲಿನ ರಜೆ) ಕಳೆದ ಮೇಲೆ. ಬಳ್ಳಿ ಬೀನ್ಸ್ ಉತ್ತರದ ಅಂಚಿಗೆ, ಉಳಿದದ್ದಕ್ಕೆ ನೆರಳು ಬೀಳಲ್ಲ. ಬೆಳ್ಳುಳ್ಳಿ ಅಕ್ಟೋಬರಲ್ಲಿ.

ಒಗ್ಗರಣೆ: ಮೇಡಂ, ಕರಿಬೇವಿನ ಕುಂಡ ಹೊರಗೆ ಯಾವಾಗ ಇಡೋದು?

ಮಂಡ್ಯ ಟು ಮಿಲ್ಟನ್: ಬೆಂಗಳೂರಿನ ಅವರೆ ಬೀಜ ಹಾಕಿದ್ರೆ ಬೇಲಿ ತುಂಬ ಎಲೆ, ಹೂವೇ ಇಲ್ಲ. ಗೊಬ್ಬರ ಸಾಲದಾ?

ನರ್ಸರಿ ಮೇಡಂ: ಗೊಬ್ಬರ ಹಾಕಲೇಬೇಡಿ, ಇನ್ನೂ ಎಲೆಗೇ ಹೋಗುತ್ತೆ. ತೊಂದರೆ ಇರೋದು ರಾತ್ರೀಲಿ. ನಾಟಿ ಅವರೆಗೆ ಹೂ ಬಿಡಕ್ಕೆ ಉದ್ದ ರಾತ್ರಿ ಬೇಕು. ಬೆಂಗಳೂರಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಇಲ್ಲಿ ಜೂನಲ್ಲಿ 15 ದಾಟುತ್ತೆ. ಹಗಲು 12 ಗಂಟೆಗೆ ಇಳಿಯೋದು ಸೆಪ್ಟೆಂಬರ್ ಕೊನೇಲಿ. ಆಗ ಮೊಗ್ಗು ಬಂದ್ರೂ ಕಾಳು ಕಟ್ಟೋ ಮೊದಲೇ ಅಕ್ಟೋಬರ್ ಫ್ರಾಸ್ಟ್ ಬಳ್ಳೀನ ಸುಟ್ಟುಹಾಕುತ್ತೆ. ಅರ್ಕಾ ಜಯ್, ಅರ್ಕಾ ವಿಜಯ್ ಅಥವಾ ಎಚ್ಎ-4 ಹುಡುಕಿ. ಇವು ಗಿಡ್ಡ ತಳಿ, ಹಗಲಿನ ಉದ್ದ ನೋಡಲ್ಲ. ಬೀಜ ತರೋರು ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಲೇಬೇಕು. ನಾಟಿ ಬೀಜವೇ ಬೇಕಂದ್ರೆ ಕುಂಡದಲ್ಲಿ ಹಾಕಿ, ಜುಲೈಯಿಂದ ಸಂಜೆ 6ಕ್ಕೆ ಕಪ್ಪು ಡ್ರಮ್ ಕವಚಿ, ಬೆಳಿಗ್ಗೆ 8ಕ್ಕೆ ತೆಗೀರಿ. ಮೊಗ್ಗು ಕಾಣೋವರೆಗೆ ಒಂದು ದಿನವೂ ತಪ್ಪಬಾರದು. ನಿಮ್ಮ ಬೇಲಿ ಮೇಲೆ ರಾತ್ರಿಯೆಲ್ಲ ದೀಪ ಬೀಳುತ್ತಾ?

ಮಂಡ್ಯ ಟು ಮಿಲ್ಟನ್: ಹೌದು, ಪೋರ್ಚ್ ಲೈಟ್!

ನರ್ಸರಿ ಮೇಡಂ: ಆರಿಸಿ. ಅದಿದ್ರೆ ಸೆಪ್ಟೆಂಬರಲ್ಲೂ ಅವರೆಗೆ ರಾತ್ರಿ ಆಗಲ್ಲ.

ಸೊಪ್ಪಿನಹುಳಿ: ಫಾರ್ವರ್ಡ್ 🙏 ಟೊಮೇಟೊ ತಳ ಕಪ್ಪಾದ್ರೆ ಬುಡಕ್ಕೆ 2 ಚಮಚ ಎಪ್ಸಮ್ ಸಾಲ್ಟ್!

ನರ್ಸರಿ ಮೇಡಂ: ಹಾಕಬೇಡಿ. ಕಾಯಿಗೆ ಕ್ಯಾಲ್ಸಿಯಂ ಮುಟ್ಟದೆ ಕಪ್ಪಾಗೋದು. ಎಪ್ಸಮ್ ಅಂದ್ರೆ ಮೆಗ್ನೀಸಿಯಂ, ಅದು ಹೆಚ್ಚಾದ್ರೆ ಬೇರು ಕ್ಯಾಲ್ಸಿಯಂ ಎಳೆಯೋದೂ ಕಮ್ಮಿಯಾಗುತ್ತೆ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆ ಮಾಡಬೇಡಿ, ಸಮವಾಗಿ ನೀರು ಕೊಡಿ.

ಸೊಪ್ಪಿನಹುಳಿ: ಮೊಟ್ಟೆಚಿಪ್ಪು?

ನರ್ಸರಿ ಮೇಡಂ: ಈ ವರ್ಷ ಕರಗಲ್ಲ.

ಲೆಕ್ಕಾಚಾರ: ಉಳಿತಾಯ ಎಲ್ರೀ? 4×8 ಪೆಟ್ಟಿಗೆ 10 ಇಂಚು ತುಂಬಕ್ಕೆ 750 ಲೀಟರ್ ಮಣ್ಣು, 25 ಲೀಟರಿನ 30 ಚೀಲ. ಆ ದುಡ್ಡಿಗೆ ಎರಡು ವರ್ಷ ಸೊಪ್ಪು ತಿನ್ನಬಹುದು.

ಬ್ರಾಂಪ್ಟನ್ ಹಿತ್ತಲು: ಪೆಟ್ಟಿಗೆ ಅಂತ ಯಾರಂದ್ರು? ಹುಲ್ಲಿನ ಮೇಲೆ ರಟ್ಟು ಹಾಸಿ 4 ಇಂಚು ಕಾಂಪೋಸ್ಟ್, 12 ಚೀಲದಲ್ಲಿ ಮುಗೀತು.

ಲೆಕ್ಕಾಚಾರ: 4 ಇಂಚಲ್ಲಿ ಮೂಲಂಗಿ ಅಡ್ಡ ಮಲಗುತ್ತೆ.

ಬ್ರಾಂಪ್ಟನ್ ಹಿತ್ತಲು: ಕೇಳಿದ್ದು ಸೊಪ್ಪು. ಓದಿ ಮಾತಾಡಿ.

ಒಗ್ಗರಣೆ: ಕರಿಬೇವು ಮೇಡಂ??

ಹೊಸ ಮನೆ: ಆಲೂಗಡ್ಡೆ ಹಾಕಬಹುದಾ? ಬೆಳ್ಳುಳ್ಳಿ ಈಗ ಹಾಕ್ಲಾ?

ನರ್ಸರಿ ಮೇಡಂ: ಮೊದಲನೇ ಉತ್ತರ ಓದಿ. ಈಗ ಹಾಕಿದ ಬೆಳ್ಳುಳ್ಳಿಗೆ ಚಳಿ ಸಾಲದೆ ಎಸಳು ಒಡೆಯಲ್ಲ, ಒಂಟಿ ಗೆಡ್ಡೆ ಆಗುತ್ತೆ.

ಸೊಪ್ಪಿನಹುಳಿ: ಫಾರ್ವರ್ಡ್ 🙏 ಕಳೆಗೆ ವಿನೆಗರ್ ಮತ್ತು ಉಪ್ಪು…

ನರ್ಸರಿ ಮೇಡಂ: ಉಪ್ಪು ಬಿದ್ದ ಪಾತೀಲಿ ಮೆಂತ್ಯನೂ ಬರಲ್ಲ. ಇನ್ನೊಂದು ಫಾರ್ವರ್ಡ್ ಬಂದ್ರೆ ಅಳಿಸ್ತೀನಿ.