ಪಾತ್ರದ ಪಟ್ಟಿ ಹಚ್ಚಿದ ದಿನ

ಹೊರದೇಶದಲ್ಲಿ ಬೆಳೆಯುತ್ತಿರುವ ಹನ್ನೊಂದು ವರ್ಷದ ಮಗಳು ಬೇಸಿಗೆ ನಾಟಕ ಶಿಬಿರದಲ್ಲಿ ನಡೆಯುವ ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತಿದ್ದಾಳೆ, ಇಬ್ಬರು ಗೆಳತಿಯರು ಮಾತು ಬಿಟ್ಟ ಅಧ್ಯಾಯಕ್ಕೆ ಬಂದು ಪುಸ್ತಕ ಮುಚ್ಚಿಟ್ಟಿದ್ದಾಳೆ, ಈ ಸಲ ಕಲಬುರಗಿಗೆ ಹೋದಾಗ ಅವಳನ್ನು ಅಲ್ಲಿಯ ಮಕ್ಕಳ ನಾಟಕಕ್ಕೆ ಸೇರಿಸಬೇಕೋ ಬೇಡವೋ ಎಂದು ಗುಂಪಿನಲ್ಲಿ ಕೇಳಿದ್ದೀರಿ. ಖಂಡಿತ ಸೇರಿಸಿ. ಆದರೆ ಹೊರಡುವ ಮೊದಲು ಜೊತೆಗೆ ಕೂತು ಆ ಪುಸ್ತಕ ಮುಗಿಸಿ.

8ರಿಂದ 12 ವರ್ಷದವರಿಗೆಂದು ಬರೆಯುವ ಇಂಥ ಕಾದಂಬರಿಗಳು ಸಾಮಾನ್ಯವಾಗಿ 30ರಿಂದ 50 ಸಾವಿರ ಪದಗಳಷ್ಟಿರುತ್ತವೆ. ಶಿಬಿರದ ದಿನಚರಿಯೇ ಕಥೆಯ ಬೆನ್ನೆಲುಬು: ಮೊದಲು ಆಡಿಷನ್, ಆಮೇಲೆ ಯಾರಿಗೆ ಯಾವ ಪಾತ್ರ ಎಂಬ ಪಟ್ಟಿ, ಕೆಲವು ವಾರ ತಾಲೀಮು, ಬೆಳಕು-ಸೌಂಡ್ ಹೊಂದಿಸುವ ಟೆಕ್ ತಾಲೀಮು, ಕೊನೆಗೆ ಪ್ರದರ್ಶನ. ದೋಸ್ತಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಪಟ್ಟಿ ಹಚ್ಚಿದ ದಿನ. ಬಾಗಿಲಿಗೆ ಹಚ್ಚಿದ ಒಂದು ಹಾಳೆಯಲ್ಲಿ ಒಬ್ಬಳ ಹೆಸರು ಮೇಲೆ, ಇನ್ನೊಬ್ಬಳದು ಕೆಳಗೆ, ಅದೂ ಎಲ್ಲರ ಕಣ್ಣೆದುರು. ಮಗು ಹಾಳೆಯ ಮೇಲೆ ಬೆರಳಿಟ್ಟು ತನ್ನ ಹೆಸರು ಹುಡುಕುತ್ತದೆ. ಸಿಕ್ಕ ಕೂಡಲೇ ಬೆರಳು ಗೆಳತಿಯ ಹೆಸರಿಗೆ ಜಾರುತ್ತದೆ. ಸ್ಕ್ರಿಪ್ಟ್ ಕೈಗೆ ಬಂದ ಮೇಲೆ ಹಳದಿ ಹೈಲೈಟರ್‌ನಿಂದ ತನ್ನ ಮಾತುಗಳಿಗೆ ಬಣ್ಣ ಬಳಿದು ಎಣಿಸುವುದು ಶುರು. ನಿನಗೆ 42, ನನಗೆ 5.

ದೊಡ್ಡವರು ಇಲ್ಲಿ ಹೊಟ್ಟೆಕಿಚ್ಚು ಮಾತ್ರ ನೋಡುತ್ತಾರೆ. ನಿಜವಾಗಿ ಅವರಿಬ್ಬರನ್ನು ದೂರ ಮಾಡುವುದು ವೇಳಾಪಟ್ಟಿ. ಮುಖ್ಯ ಪಾತ್ರದವರ ದೃಶ್ಯಗಳು ಒಂದು ಕೋಣೆಯಲ್ಲಿ, ಮೇಳದವರ ಹಾಡು-ಕುಣಿತ ಇನ್ನೊಂದು ಕೋಣೆಯಲ್ಲಿ. ಊಟಕ್ಕೆ ಬಿಡುವ ಹೊತ್ತೂ ಬೇರೆ. ನಾಲ್ಕೇ ದಿನದಲ್ಲಿ ಒಬ್ಬಳಿಗೆ ಹೊಸ ಗೆಳತಿಯರು, ಹೊಸ ನಗೆಚಾಟಿಕೆ. ಇನ್ನೊಬ್ಬಳಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ, 'ನನ್ನನ್ನು ಬಿಟ್ಟಳು' ಎಂದುಕೊಳ್ಳುತ್ತಾಳೆ. ಹಾಗಾಗಿ ಓದುವಾಗ 'ಯಾರದು ತಪ್ಪು' ಎಂದು ಕೇಳಬೇಡಿ, ಈ ವಯಸ್ಸಿನ ಮಗು ತಕ್ಷಣ ನ್ಯಾಯಾಧೀಶನಾಗಿಬಿಡುತ್ತದೆ. 'ಆ ದಿನ ಊಟಕ್ಕೆ ಯಾರು ಎಲ್ಲಿ ಕೂತಿದ್ದರು?' ಎಂದು ಕೇಳಿ. ಪುಟ ತಿರುವಿ ಹುಡುಕಲಿ.

ದಿನಕ್ಕೆ 20 ನಿಮಿಷ, ಒಂದೋ ಎರಡೋ ಅಧ್ಯಾಯ ಸಾಕು. ಇಂಗ್ಲಿಷಿನಲ್ಲೇ ಓದಲಿ, ಮಾತು ಮಾತ್ರ ಕನ್ನಡದಲ್ಲಿ ನಡೆಯಲಿ. ಪಟ್ಟಿ ಹಚ್ಚುವ ಅಧ್ಯಾಯ ಮುಗಿದ ಕೂಡಲೇ ನಿಲ್ಲಿಸಿ, ಇನ್ನೊಬ್ಬಳು ಆ ರಾತ್ರಿ ಮನೆಗೆ ಫೋನ್ ಮಾಡಿ ಅಮ್ಮನಿಗೆ ಏನು ಹೇಳಿರಬಹುದು ಎಂದು ನೀವಿಬ್ಬರೂ ಸೇರಿ ಆಡಿ ನೋಡಿ. ಕಥೆ ಒಬ್ಬಳ ಬಾಯಿಂದಲೇ ಬರುತ್ತಿದ್ದರೆ ಇದು ಬಹಳ ಮುಖ್ಯ. ಇನ್ನೊಬ್ಬಳ ಮನಸ್ಸು ಪುಸ್ತಕದಲ್ಲಿ ಇರುವುದೇ ಇಲ್ಲ.

ಇನ್ನು ಕಲಬುರಗಿ. ಮೊದಲ ತೊಡಕು ರಜೆಯದು. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್-ಮೇ, ಮಕ್ಕಳ ರಂಗಶಿಬಿರಗಳೂ ಆಗಲೇ. ಅಮೆರಿಕದ ಶಾಲೆಗಳು ಬಿಡುವುದು ಮೇ ಕೊನೆಯಿಂದ ಜೂನ್ ಕೊನೆಯೊಳಗೆ, ಇಂಗ್ಲೆಂಡಿನವು ಜುಲೈ ಕೊನೆಗೆ. ನೀವು ಊರಿಗೆ ಮುಟ್ಟುವಷ್ಟರಲ್ಲಿ ಶಿಬಿರ ಮುಗಿದು ಅಲ್ಲಿಯ ಮಕ್ಕಳು ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೊರಟಿರುತ್ತಾರೆ. ಆದ್ದರಿಂದ ನೀವು ಅಲ್ಲಿರುವ ದಿನಗಳಲ್ಲಿ ಓಣಿಯ ಆರೇಳು ಮಕ್ಕಳನ್ನು ಕೂಡಿಸಿ, ಸಂಜೆ 5:30ರಿಂದ 7ರವರೆಗೆ, ಹನ್ನೆರಡು ದಿನದ ಸಣ್ಣ ನಾಟಕ ಮಾಡಿಸುವುದು ಒಳ್ಳೆಯದು. 15 ನಿಮಿಷಕ್ಕಿಂತ ಉದ್ದ ಬೇಡ. ತಾಲೀಮು ಮಾಡಿಸಲು ರಂಗಭೂಮಿಯ ಅನುಭವ ಇರುವವರು ಬೇಕಾದರೆ ರಂಗಸಂಸ್ಥೆಯಾದ ರಂಗಾಯಣದಲ್ಲಿ ವಿಚಾರಿಸಿ, ಕಲಬುರಗಿಯಲ್ಲೂ ಅದರ ಘಟಕ ಇದೆ. ಮಾಳಿಗೆಯೇ ರಂಗಮಂದಿರ ಆಗಲಿ. ಆದರೆ ಮಳೆಗಾಲ, ಒಳಗೊಂದು ಜಾಗ ನೋಡಿಟ್ಟುಕೊಳ್ಳಿ.

ಎರಡನೆಯ ತೊಡಕು ಭಾಷೆಯದು. ದೋಸ್ತಿ ಕೆಡುವುದು ಇಲ್ಲಿಯೇ. ಹೊರದೇಶದ ಮಗುವಿಗೆ ಕನ್ನಡ ತಿಳಿಯುತ್ತದೆ, ಬಾಯಿ ತಿರುಗುವುದಿಲ್ಲ. ಚಿಕ್ಕಪ್ಪನ ಮಗಳೇ ದುಭಾಷಿಯಾಗುತ್ತಾಳೆ. ಮೊದಲ ಮೂರು ದಿನ ಹೆಮ್ಮೆಯಿಂದ ಮಾಡುತ್ತಾಳೆ, ನಾಲ್ಕನೆಯ ದಿನ ಅವಳಿಗೂ ತನ್ನ ಪಾತ್ರ ಮಾಡಬೇಕಿರುತ್ತದೆ. ಅಷ್ಟರಲ್ಲಿ ದೊಡ್ಡವರು, ಅತಿಥಿ ಎಂದು, ರಾಣಿಯ ಪಾತ್ರವನ್ನು ಹೊರಗಿನಿಂದ ಬಂದವಳಿಗೆ ಕೊಟ್ಟಿರುತ್ತಾರೆ. ಇದು ದೊಡ್ಡ ಅನ್ಯಾಯ, ದಯವಿಟ್ಟು ಮಾಡಬೇಡಿ. ಮರ ಮಾಡಿ ನಿಲ್ಲಿಸುವುದೂ ಅಷ್ಟೇ ಕೆಟ್ಟದ್ದು.

ಆರರಿಂದ ಎಂಟು ಚಿಕ್ಕ ಮಾತುಗಳಿರುವ ಪಾತ್ರ ಕೊಡಿ, ಒಂದೊಂದು ಮಾತು ನಾಲ್ಕೈದು ಪದ ಮೀರದಿರಲಿ. ಅಜ್ಜಿಯ ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಪ್ರತಿ ಮಾತಿನ ನಂತರ ಐದು ಸೆಕೆಂಡ್ ಬಿಡುವು ಇರಲಿ, ಮಗು ಹಿಂದೆಯೇ ಹೇಳಿಕೊಳ್ಳಲಿ. ದುಭಾಷಿಯ ಕೆಲಸವನ್ನು ದಿನಕ್ಕೊಬ್ಬರಂತೆ ಹಂಚಿ. ಇಬ್ಬರಿಗೂ ಒಂದೇ ಪಾತ್ರ ಬೇಕಿದ್ದರೆ ಎರಡು ಪ್ರದರ್ಶನ ಇಟ್ಟು ಅದಲು-ಬದಲು ಮಾಡಿ. ಒಬ್ಬಳು ಆಡುವ ದಿನ ಇನ್ನೊಬ್ಬಳು ಸ್ಕ್ರಿಪ್ಟ್ ಹಿಡಿದು ಪಕ್ಕದಲ್ಲಿ ನಿಂತು ಮರೆತ ಮಾತು ಎತ್ತಿಕೊಡಲಿ. ಗೆಳತಿಯ ಬಾಯಿಯ ಮೇಲೆಯೇ ಕಣ್ಣಿಟ್ಟು ನಿಲ್ಲಬೇಕಾದ ಕೆಲಸ ಅದು.

ಬೀದರಿನವರೊಬ್ಬರು ಇದಕ್ಕೆ ಸೇರಿಸಿದ್ದು:

ಎಲ್ಲಾ ಬರೋಬ್ಬರಿ ಅದ. ಒಂದ್ ಮಾತ್ ಮಾತ್ರ. ಸ್ಕ್ರಿಪ್ಟ್ ಪುಸ್ತಕದ ಕನ್ನಡದಾಗ ಬರೀಬ್ಯಾಡ್ರಿ. 'ನೀನು ನನ್ನೊಡನೆ ಏಕೆ ಮಾತನಾಡುತ್ತಿಲ್ಲ' ಅಂದ್ರ ಇಲ್ಲಿ ಹುಡುಗ್ರು ನಗ್ತಾವ, ಆ ಕೂಸು ಮತ್ತ ಬಾಯಿ ತೆರೆಯಂಗಿಲ್ಲ. 'ನನ್ ಕೂಡ ಯಾಕ ಮಾತಾಡ್ಲಾಕತ್ತಿಲ್ಲ?' ಅಂತ ಬರೀರಿ. ಮತ್ತ ಇಂಗ್ಲಿಷ್ ಕಾದಂಬರಿ ಕಡೀಕ ಹುಡುಗ್ರು ಎದುರುಬದುರು ಕುಂತು ತಪ್ಪಾತು ಅಂತ ಉದ್ದಕ ಹೇಳ್ತಾವ. ಆ ಸೀನ್ ಕನ್ನಡಕ್ಕ ತರೂಮುಂದ ಹಂಗೇ ತಂದ್ರ ಹುಸಿ ಕಾಣ್ತದ. ನಮ್ಮಲ್ಲಿ ಹುಡುಗ್ರು ಕ್ಷಮಾ ಕೇಳಂಗಿಲ್ಲ. ರೊಟ್ಟಿ ಮುರದು, ಶೇಂಗಾ ಹಿಂಡಿ ಹಚ್ಚಿ, ಮುಖಾ ನೋಡ್ದೇ ಕೈ ಮುಂದ ಮಾಡ್ತಾವ, 'ತಿಂತಿಯೇನು?' ಅಂತಾವ. ಆಕಿ ತೊಗೊಂಡ್ರ ಮುಗೀತು. ಆ ಸೀನಿಗೆ ಮಾತು ಒಂದೇ ಇರ್ಲಿ, ರೊಟ್ಟಿ ಮಾತ್ರ ಖರೇ ಇರ್ಲಿ.