‘ಸುರಕ್ಷತಾ ವಲಯ’ದೊಳಗೆ ದೋಣಿ ಬರಬಹುದೇ, ಬರಬಾರದೇ?

ಪ್ರಶ್ನೆ

ಬಲ್ಲವರಲ್ಲಿ ಒಂದು ಕೇಳಿಕೆ.

ಹೊಳೆಯಲ್ಲಿ ಸೇತುವೆಯನ್ನೋ ಅಣೆಕಟ್ಟನ್ನೋ ಕಟ್ಟುವಾಗ ಕಾಮಗಾರಿಯ ಸುತ್ತ ದೋಣಿಗಳ ಓಡಾಟಕ್ಕೆ ಮಿತಿ ಹಾಕುತ್ತಾರೆ. ಈ ಬಗೆಗಿನ ಅಮೆರಿಕದ ನಿಯಮಗಳನ್ನು ಕನ್ನಡಕ್ಕೆ ತರಬೇಕಿದೆ. ಅದರ ಜೊತೆಗೆ ನಮ್ಮ ಕಡೆಯ ಕಾಮಗಾರಿಗಳಿಗೆ ಒಪ್ಪುವ ಮಾದರಿ ಫಲಕವೂ ಬೇಕು. ಅಲ್ಲಿನ ಫೆಡರಲ್ ನಿಯಮಾವಳಿಯ 33ನೇ ಶೀರ್ಷಿಕೆ, 165ನೇ ಭಾಗದಲ್ಲಿ ಸೇಫ್ಟಿ ಝೋನ್, ಸೆಕ್ಯುರಿಟಿ ಝೋನ್, ರೆಗ್ಯುಲೇಟೆಡ್ ನ್ಯಾವಿಗೇಶನ್ ಏರಿಯಾ ಎಂಬ ಮೂರು ಹೆಸರುಗಳಿವೆ. ಸದ್ಯಕ್ಕೆ ಇವನ್ನು ಸುರಕ್ಷತಾ ವಲಯ, ಭದ್ರತಾ ವಲಯ, ನಿರ್ಬಂಧಿತ ಸಂಚಾರ ಪ್ರದೇಶ ಎಂದು ಇಟ್ಟುಕೊಂಡಿದ್ದೇನೆ. ಮೂರರ ಬಗ್ಗೆಯೂ ಅನುಮಾನವಿದೆ. ಫಲಕದ ಕರಡು ಹೀಗಿದೆ:

“ಅನುಮತಿ ಪಡೆದ ದೋಣಿಗಳನ್ನು ಹೊರತುಪಡಿಸಿ ಇತರೆ ಎಲ್ಲಾ ದೋಣಿಗಳ ಸಂಚಾರವನ್ನು ಕಾಮಗಾರಿಯ ಮೇಲ್ಭಾಗದಲ್ಲಿ ಹಾಗೂ ಕೆಳಭಾಗದಲ್ಲಿ 100 ಮೀಟರ್ ವ್ಯಾಪ್ತಿಯ ಸುರಕ್ಷತಾ ವಲಯದಲ್ಲಿ ಮುಂದಿನ ಆದೇಶದವರೆಗೆ ನಿರ್ಬಂಧಿಸಲಾಗಿದೆ. ಉಳಿದೆಡೆ ಅಲೆರಹಿತವಾಗಿ ಸಂಚರಿಸತಕ್ಕದ್ದು.”

ನಿಷೇಧ, ನಿರ್ಬಂಧ, ನಿಯಂತ್ರಣ, ಈ ಮೂರನ್ನು ಹೇಗೆ ಹಂಚುವುದು? ಓಡುವ ದೋಣಿ ತನ್ನ ಹಿಂದೆ ಎಬ್ಬಿಸುವ ಅಲೆಗೆ ‘ಹಿಂದಲೆ’ ಎನ್ನಬಹುದೇ?

ಉತ್ತರ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ‘ಸುರಕ್ಷತಾ ವಲಯ’ವನ್ನು ಫಲಕದಲ್ಲಿ ಬರೆಯಲೇಬೇಡಿ. ಕನ್ನಡದಲ್ಲಿ ‘ವಲಯ’ದ ಹಿಂದೆ ಬರುವ ಪದ ಆ ವಲಯದೊಳಗೆ ಏನಿದೆ ಎಂಬುದನ್ನು ಹೇಳುತ್ತದೆ. ಕೈಗಾರಿಕಾ ವಲಯದಲ್ಲಿ ಕೈಗಾರಿಕೆ ಇದೆ, ನಿಶ್ಶಬ್ದ ವಲಯದಲ್ಲಿ ನಿಶ್ಶಬ್ದ ಇರಬೇಕು. ಹಾಗಾದರೆ ಸುರಕ್ಷತಾ ವಲಯದಲ್ಲಿ ಇರುವುದು ಸುರಕ್ಷತೆ. ಗಾಳಿ ಮಳೆ ಎದ್ದಾಗ ಅಂಬಿಗ ದೋಣಿಯನ್ನು ಅಲ್ಲಿಗೇ ತಂದು ಕಟ್ಟಿದರೆ ಅವನ ತಪ್ಪೇನಿಲ್ಲ. ಮೂಲದ ಅರ್ಥ ಇದಕ್ಕೆ ತೀರಾ ಎದುರು. ಸುರಕ್ಷತೆಯ ಅಥವಾ ಪರಿಸರದ ಕಾರಣಕ್ಕೆ, ಅನುಮತಿ ಇದ್ದವರನ್ನು ಬಿಟ್ಟು ಯಾರೂ ಕಾಲಿಡಬಾರದ ನೀರು ಅಥವಾ ದಡ ಅದು. ದಾಖಲೆಗೆ ‘ಪ್ರವೇಶನಿಷೇಧ ವಲಯ’ ಎಂದಿಟ್ಟು, ಕಾರಣ ಸುರಕ್ಷತೆ ಎಂಬುದನ್ನು ಪ್ರತ್ಯೇಕ ವಾಕ್ಯದಲ್ಲಿ ಹೇಳಿ. ಸೆಕ್ಯುರಿಟಿ ಝೋನ್‌ಗೆ ‘ಭದ್ರತಾ ವಲಯ’ ಇರಲಿ. ಅಲ್ಲಿ ಆತಂಕ ವಿಧ್ವಂಸಕ ಕೃತ್ಯದ್ದು, ಮತ್ತು ಭದ್ರತೆ ಎಂದೊಡನೆ ಪಹರೆ, ತಡೆ ನಮ್ಮವರ ಮನಸ್ಸಿಗೆ ಬರುತ್ತವೆ.

‘ವಲಯ’ವನ್ನು ಮಾತ್ರ ಕೈಬಿಡಬೇಡಿ. ಸಂಸ್ಕೃತದಲ್ಲಿ ಅದು ಬಳೆ, ಕಡಗ. ಅಮೆರಿಕದ ನಿಯಮ ಇಂಥ ವಲಯವನ್ನು ಒಂದು ಜಾಗಕ್ಕೆ ಕಟ್ಟಿಹಾಕಬಹುದು ಅಥವಾ ಚಲಿಸುವ ನೌಕೆಯ ಸುತ್ತ ಹಾಕಬಹುದು ಎನ್ನುತ್ತದೆ. ಓಹಾಯೊ ನದಿಯಲ್ಲಿ 2018ರಲ್ಲಿ ಉದ್ಘಾಟನೆಯಾದ ಓಲ್ಮ್‌ಸ್ಟೆಡ್ ಅಣೆಕಟ್ಟನ್ನು ಕಟ್ಟಿದ್ದು ನದಿಯ ನೀರನ್ನು ಬತ್ತಿಸದೆ. ದಡದಲ್ಲಿ ಎರಕ ಹೊಯ್ದ, ಸಾವಿರಾರು ಟನ್ ತೂಗುವ ಕಾಂಕ್ರೀಟ್ ಚಿಪ್ಪುಗಳನ್ನು ತೇಲುವ ಕ್ರೇನ್ ಹೊತ್ತು ತಂದು ನದಿತಳಕ್ಕೆ ಇಳಿಸುತ್ತಿತ್ತು. ಅಂಥ ಹೊರೆ ಹೊತ್ತು ಸಾಗುವ ಬಾರ್ಜಿನ (ಚಪ್ಪಟೆ ತಳದ ಸರಕುನೌಕೆಯ) ಸುತ್ತ, ಅದರ ಜೊತೆಗೇ ಸಾಗುವ ಗೆರೆಗೆ ಬಳೆ ಎಂಬ ಅರ್ಥದ ಪದ ಚೆನ್ನಾಗಿ ಹೊಂದುತ್ತದೆ. ದಡದಿಂದ ದಡಕ್ಕೆ ಗುರುತು ಮಾಡಿದ ನೀರಿಗೆ ‘ಪ್ರದೇಶ’ ಸಾಕು.

ಇನ್ನು ನಿಮ್ಮ ಮೂರು ‘ನಿ’ಗಳು. ನಿಷೇಧ ಎಂದರೆ ಬರಲೇಬಾರದು. ನಿಯಂತ್ರಣ ಎಂದರೆ ಬರಬಹುದು, ಆದರೆ ಇಂತಿಷ್ಟೇ ವೇಗದಲ್ಲಿ, ಒಂದೊಂದಾಗಿ, ಇಂಥ ಕಡೆಯಿಂದ. ನಿರ್ಬಂಧ ಇವೆರಡರ ನಡುವೆ ತೂಗಾಡುತ್ತದೆ. ‘ಸಂಚಾರ ನಿರ್ಬಂಧ’ ಎಂದು ಪತ್ರಿಕೆಯಲ್ಲಿ ಬಂದಾಗ ರಸ್ತೆ ಪೂರ್ತಿ ಮುಚ್ಚಿದೆಯೋ, ಭಾರೀ ವಾಹನಕ್ಕೆ ಮಾತ್ರ ಮುಚ್ಚಿದೆಯೋ ತಿಳಿಯಬೇಕಾದರೆ ಸುದ್ದಿಯನ್ನು ಕೊನೆವರೆಗೆ ಓದಬೇಕು. ಮೂರನೆಯ ಹೆಸರಿಗೆ ‘ನಿಯಂತ್ರಿತ ಸಂಚಾರ ಪ್ರದೇಶ’ವೇ ಸರಿ, ಏಕೆಂದರೆ ಆ ನಿಯಮ ದೋಣಿಯನ್ನು ಹೊರಗಿಡುವುದಿಲ್ಲ, ಒಳಗೆ ಹೇಗೆ ನಡೆಯಬೇಕು ಎಂದು ಹೇಳುತ್ತದೆ. ಈ ಭೇದ ನಮ್ಮಲ್ಲೂ ಬೇಕಾದದ್ದೇ. ಶರಾವತಿ ಹಿನ್ನೀರಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಗುವ ತನಕ ಸಿಗಂದೂರಿನ ದಾರಿಯಲ್ಲಿ ಜನವೂ ವಾಹನವೂ ನೀರು ದಾಟುತ್ತಿದ್ದದ್ದು ಲಾಂಚಿನಲ್ಲಿ. ದೋಣಿಯೇ ಊರಿನ ರಸ್ತೆಯಾದ ಕಡೆ ಪೂರ್ತಿ ನಿಷೇಧ ಹೇರಲಾಗದು. ಕ್ರೇನ್ ಕೆಲಸ ಮಾಡುವ ಜಾಗಕ್ಕೆ ನಿಷೇಧ, ಲಾಂಚಿನ ದಾರಿಗೆ ನಿಯಂತ್ರಣ, ಹೀಗೆ ಎರಡನ್ನೂ ಒಂದೇ ಕಾಮಗಾರಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಯಾರಾದರೂ ‘ಸಂಚಾರಮುಕ್ತ ವಲಯ’ ಎಂದು ಸೂಚಿಸಿದರೆ ಒಪ್ಪಬೇಡಿ. ‘ಪ್ಲಾಸ್ಟಿಕ್ ಮುಕ್ತ’ ಎಂದರೆ ಪ್ಲಾಸ್ಟಿಕ್ ಇಲ್ಲ, ‘ಸೇತುವೆ ಸಂಚಾರಕ್ಕೆ ಮುಕ್ತ’ ಎಂದರೆ ಸಂಚಾರ ಇದೆ. ಒಂದೇ ಪದ ಎರಡು ದಿಕ್ಕಿಗೆ ಎಳೆಯುತ್ತದೆ.

‘ಹಿಂದಲೆ’ಗೆ ಈಗಾಗಲೇ ಅರ್ಥವಿದೆ, ತಲೆಯ ಹಿಂಭಾಗ. ಅದನ್ನು ಬಿಟ್ಟುಬಿಡಿ. ‘ಅಲೆರಹಿತವಾಗಿ’ ಕಾಗದದ ಮಾತು. ‘ಅಲೆ ಏಳದಷ್ಟು ನಿಧಾನ’ ಎನ್ನಿ, ಯಾರಿಗೂ ವಿವರಿಸಬೇಕಾಗಿಲ್ಲ. ಬರೇ ‘ನಿಧಾನ’ ಸಾಲದು. ರಸ್ತೆಯಲ್ಲಿ ವೇಗ ಇಳಿದಷ್ಟೂ ಅಪಾಯ ಇಳಿಯುತ್ತದೆ, ನೀರಿನಲ್ಲಿ ಹಾಗಲ್ಲ. ಪೂರ್ತಿ ವೇಗದಲ್ಲಿ ನೀರಿನ ಮೇಲೆ ಜಾರುತ್ತಿರುವ ಸ್ಪೀಡ್‌ಬೋಟ್ ಎಂಜಿನ್ ಇಳಿಸಿದೊಡನೆ ಮೂತಿ ಎತ್ತಿ ಹಿಂಭಾಗವನ್ನು ನೀರಿಗೆ ಊರುತ್ತದೆ. ಅದರ ಅತಿ ದೊಡ್ಡ ಅಲೆ ಏಳುವುದು ಆ ನಡುವಿನ ವೇಗದಲ್ಲೇ. ಫಲಕ ಕಂಡ ಮೇಲೆ ಬಾರ್ಜಿನ ಪಕ್ಕಕ್ಕೆ ಬಂದು ವೇಗ ಇಳಿಸಿದರೆ ಅಲೆ ನೇರ ಬಾರ್ಜಿಗೇ ಬಡಿಯುತ್ತದೆ. ಬಾರ್ಜು ಕೆಲವೇ ಬೆರಳಷ್ಟು ವಾಲಿದರೂ ಅದರ ಮೇಲಿನ ಕ್ರೇನಿನ ತೋಳಿನ ತುದಿ ಬಹಳ ದೂರ ತೂಗುತ್ತದೆ. ತುದಿಯಲ್ಲಿ ಸೇತುವೆಯ ತೊಲೆ, ಅಂದರೆ ಗರ್ಡರ್ ನೇತಾಡುತ್ತಿರುತ್ತದೆ, ಕೆಳಗೆ ಅದನ್ನು ಹಿಡಿದು ಕೂರಿಸುವವರ ಕೈಗಳಿರುತ್ತವೆ. ನಿಧಾನಿಸುವ ಸೂಚನೆ ಕಾಮಗಾರಿಗಿಂತ ಬಹಳ ಮೊದಲೇ, ಬೇರೆ ಫಲಕದಲ್ಲಿ ಇರಬೇಕು.

ಎರಡೂ ಕಡೆಗೆ ಒಂದೇ 100 ಮೀಟರ್ ಇಟ್ಟಿದ್ದೀರಿ. ಹರಿಯುವ ಹೊಳೆಯಲ್ಲಿ ಅದು ಸಲ್ಲ. ಎಂಜಿನ್ ಕೆಟ್ಟ ದೋಣಿಯನ್ನು ಸೆಳವು ಕಾಮಗಾರಿಯ ಕಡೆಗೇ ತರುತ್ತದೆ. ಸೆಳವು ಸೆಕೆಂಡಿಗೆ ಒಂದೂವರೆ ಮೀಟರ್, ಲಂಗರು ಇಳಿಸಿ ಅದು ಕಚ್ಚಿಕೊಳ್ಳಲು ಮೂರು ನಿಮಿಷ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ದೋಣಿ 270 ಮೀಟರ್ ತೇಲಿರುತ್ತದೆ. ಮೇಲುಗಡೆ 300 ಆದರೂ ಬೇಕು, ಕೆಳಗಡೆ 100 ನಡೆಯುತ್ತದೆ. ಕಾಮಗಾರಿಯೇ ಸೆಳವನ್ನು ಹೆಚ್ಚಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ತನ್ನಿ. 120 ಮೀಟರ್ ಅಗಲದ ಹೊಳೆಯಲ್ಲಿ 30 ಮೀಟರನ್ನು ತಡೆಗೋಡೆ ಮುಚ್ಚಿದರೆ, ಆಳ ಅಷ್ಟೇ ಇದ್ದರೆ, ಅದೇ ನೀರು ಉಳಿದ 90 ಮೀಟರಿನಲ್ಲಿ ಮೂರನೇ ಒಂದರಷ್ಟು ಹೆಚ್ಚು ವೇಗದಲ್ಲಿ ನುಗ್ಗಬೇಕು. ದೋಣಿಯ ಮೇಲಿನ ಒತ್ತಡ ವೇಗದ ವರ್ಗದಂತೆ ಏರುವುದರಿಂದ ಅದು ಮುಕ್ಕಾಲು ಪಾಲು ಹೆಚ್ಚುತ್ತದೆ. ನಿತ್ಯ ಅದೇ ದಾರಿಯಲ್ಲಿ ಹುಟ್ಟು ಹಾಕುವವನಿಗೂ ಇದು ಹೊಸ ಹೊಳೆ.

ಕಾರಣವನ್ನು ಒಂದು ಸಾಲಿನಲ್ಲಾದರೂ ಫಲಕದಲ್ಲಿ ಹೇಳಿ, ಅದೂ ಕಣ್ಣಿಗೆ ಕಾಣದ ಕಾರಣವನ್ನು. ಕ್ರೇನ್ ಎಲ್ಲರಿಗೂ ಕಾಣುತ್ತದೆ. ಬಾರ್ಜಿನ ನಾಲ್ಕೂ ಮೂಲೆಯಿಂದ ಲಂಗರಿಗೆ ಎಳೆದ ವಯರ್ ರೋಪ್ ಕಾಣುವುದಿಲ್ಲ. 8 ಮೀಟರ್ ಆಳದಲ್ಲಿ, ಆಳದ ಐದು ಪಟ್ಟು ರೋಪ್ ಬಿಟ್ಟಿದ್ದರೆ ಸುಮಾರು 40 ಮೀಟರ್ ಸುತ್ತಲೂ ಅದು ನೀರೊಳಗೆ ಓರೆಯಾಗಿ ಇರುತ್ತದೆ. ಬಾರ್ಜನ್ನು ಸರಿಸಲು ರೋಪ್ ಸುತ್ತುವ ವಿಂಚ್ ತಿರುಗಿಸಿದಾಗ ಸಡಿಲವಿದ್ದದ್ದು ಬಿಗಿದು ಮೇಲೇಳುತ್ತದೆ. ಬೆಳಿಗ್ಗೆ ಏನೂ ತಾಗದೆ ದಾಟಿದ ದೋಣಿಯ ಪ್ರೊಪೆಲ್ಲರಿಗೆ ಸಂಜೆ ಅದೇ ಜಾಗದಲ್ಲಿ ರೋಪ್ ಸಿಕ್ಕುತ್ತದೆ.

ನಿಮ್ಮ ಕರಡಿನ ದೊಡ್ಡ ದೋಷ ವಾಕ್ಯರಚನೆಯಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ‘ಅನುಮತಿ ಪಡೆದ ದೋಣಿಗಳನ್ನು’ ಎಂದು ಓದತೊಡಗಿದವನು ‘ನಿರ್ಬಂಧಿಸಲಾಗಿದೆ’ ತಲುಪುವ ಹೊತ್ತಿಗೆ ಗೆರೆ ದಾಟಿ ಆಗಿರುತ್ತದೆ. ಆದೇಶದಲ್ಲಿ ಆ ರಚನೆ ಇರಲಿ. ಫಲಕದಲ್ಲಿ ಮೊದಲ ಸಾಲು ಎರಡೇ ಪದ: ‘ದೋಣಿ ಬರಕೂಡದು’. ‘ಬರಬೇಡಿ’ ಕೇಳಿಕೊಂಡ ಹಾಗೆ, ‘ಕೂಡದು’ ಕಟ್ಟಪ್ಪಣೆ. ಇನ್ನೊಂದು ಅನುಕೂಲವೆಂದರೆ ಆ ಎರಡು ಪದಗಳಲ್ಲಿ ಒತ್ತಕ್ಷರವೇ ಇಲ್ಲ. 100 ಮೀಟರಿನಿಂದ ಓದಬೇಕಾದರೆ ಅಕ್ಷರ ಕಾಲು ಮೀಟರಿಗಿಂತ ಚಿಕ್ಕದಿರಬಾರದು, ಒತ್ತು ಅದರ ಅರ್ಧದಷ್ಟೂ ಇರುವುದಿಲ್ಲ. ‘ಸುರಕ್ಷತಾ’ದ ಕ್ಷ, ‘ನಿರ್ಬಂಧ’ದ ಅರ್ಕಾವೊತ್ತು ದೂರಕ್ಕೆ ಮೆತ್ತಿಕೊಂಡು ಕಾಣುತ್ತವೆ. ‘ನಿಷೇಧ’ದಲ್ಲಿ ಒತ್ತಿಲ್ಲವಾದರೂ ಷ ಮತ್ತು ಪ ನಡುವೆ ಇರುವುದು ಒಂದು ಸಣ್ಣ ಗೆರೆ.

ಇನ್ನೊಂದು ಉತ್ತರ, ಕರಾವಳಿಯ ಕಡೆಯಿಂದ

ಮೇಲಿನ ವಿವರಣೆಗೆ ನನ್ನ ಒಪ್ಪಿಗೆ ಇದೆ. ಅಳಿವೆ, ಬಂದರುಗಳಲ್ಲಿ ಈ ಪದಗಳಿಗೆ ಬೇರೆ ತೊಡಕುಗಳೂ ಇವೆ.

‘ನಿಷೇಧ’ ಎಂದರೆ ನಮ್ಮ ಮೀನುಗಾರರಿಗೆ ಮೊದಲು ನೆನಪಾಗುವುದು ಮಳೆಗಾಲದ ಮೀನುಗಾರಿಕೆ ನಿಷೇಧ, ಜೂನ್ 1ರಿಂದ ಜುಲೈ 31ರ ತನಕ 61 ದಿನ. ಅದರಿಂದ ನಾಡದೋಣಿಗಳಿಗೆ, 10 ಅಶ್ವಶಕ್ತಿಯವರೆಗಿನ ಎಂಜಿನ್ ಇದ್ದರೂ, ವಿನಾಯಿತಿ ಇದೆ. ‘ದೋಣಿ ಸಂಚಾರ ನಿಷೇಧ’ ಎಂಬ ಫಲಕ ಕಂಡಾಗ ‘ಇದು ಬೋಟಿನವರಿಗೆ, ನಮಗಲ್ಲ’ ಎಂದು ನಾಡದೋಣಿಯವರು ತಿಳಿದರೆ ಆಶ್ಚರ್ಯವಿಲ್ಲ. ಕರಾವಳಿಯಲ್ಲಿ ‘ಬೋಟ್’ ಮತ್ತು ‘ದೋಣಿ’ ಒಂದೇ ಅಲ್ಲ. ಟ್ರಾಲ್, ಪರ್ಸೀನ್ ಬೋಟ್‌ಗಳನ್ನು ಯಾರೂ ದೋಣಿ ಎನ್ನುವುದಿಲ್ಲ. ಹಾಗಾಗಿ ‘ಬೋಟ್, ನಾಡದೋಣಿ, ಪಾತಿದೋಣಿ, ಯಾವುದೂ’ ಎಂದು ಹೆಸರು ಹಿಡಿದೇ ಬರೆಯಬೇಕು. ತುಂಗಭದ್ರೆಯ ಕಡೆಯಾದರೆ ಹರಿಗೋಲು, ತೆಪ್ಪ ಸೇರಿಸಿ.

‘ನಿರ್ಬಂಧ’ ನಮ್ಮಲ್ಲಿ ಇನ್ನೂ ಕಷ್ಟ. ಸಂಸ್ಕೃತದಲ್ಲಿ ಅದರ ಮುಖ್ಯ ಅರ್ಥ ಪಟ್ಟು, ಒತ್ತಾಯ. ಮಲಯಾಳದಲ್ಲಿ ಇಂದಿಗೂ ಅದೇ ಅರ್ಥ, ‘ನಿರ್ಬಂಧಂ’ ಎಂದರೆ ಕಡ್ಡಾಯ, ಬಲವಂತ. ತೆಲುಗಿನ ‘ನಿರ್ಬಂಧ ವಿದ್ಯ’ ನಮ್ಮ ಕಡ್ಡಾಯ ಶಿಕ್ಷಣ. ಮಂಗಳೂರು, ಮಲ್ಪೆಯ ಬೋಟ್‌ಗಳಲ್ಲಿ ಕೇರಳ, ತಮಿಳುನಾಡು, ಆಂಧ್ರದವರೂ ದುಡಿಯುತ್ತಾರೆ. ಧ್ವನಿವರ್ಧಕದಲ್ಲಿ ‘ಸಂಚಾರ ನಿರ್ಬಂಧ’ ಎಂದು ಕೂಗಿದರೆ ಅವರಲ್ಲಿ ಕೆಲವರ ಕಿವಿಗೆ ‘ಇಲ್ಲೇ ಹೋಗಬೇಕು’ ಎಂದು ಕೇಳಿಸೀತು. ಕೂಗಿ ಹೇಳುವಲ್ಲಿ ಈ ಪದ ಖಂಡಿತ ಬೇಡ.

‘ಮೇಲ್ಭಾಗ, ಕೆಳಭಾಗ’ ಅಳಿವೆಯಲ್ಲಿ ನಡೆಯುವುದಿಲ್ಲ. ಉಬ್ಬರದಲ್ಲಿ ಸೆಳವು ತಿರುಗುತ್ತದೆ. 300 ಮೀಟರಿನ ಲೆಕ್ಕ ಎರಡೂ ಕಡೆಗೆ ಬೇಕು, ದಿಕ್ಕನ್ನು ‘ಸಮುದ್ರದ ಕಡೆ, ಘಟ್ಟದ ಕಡೆ’ ಎಂದೇ ಹೇಳಿ. ಬಲದಂಡೆ, ಎಡದಂಡೆ ಕಾಲುವೆಯಿಂದ ಪರಿಚಿತ ಪದಗಳೇ, ಆದರೆ ಅವು ಹೊಳೆ ಹರಿಯುವತ್ತ ಮುಖ ಮಾಡಿ ನಿಂತವನ ಎಡಬಲ. ಎದುರು ಬರುವವನಿಗೆ ಅದಲುಬದಲು. ದಡಗಳನ್ನು ಊರಿನ ಹೆಸರಿನಿಂದ ಕರೆಯಿರಿ.

ಅಮೆರಿಕದ ಪಠ್ಯ ಅನುವಾದಿಸುತ್ತಿದ್ದೀರಿ ಎಂದು ಇದನ್ನು ಒತ್ತಿ ಹೇಳುತ್ತೇನೆ: ಅಲ್ಲಿ ಸಮುದ್ರದಿಂದ ಒಳಬರುವಾಗ ದಾರಿಯ ಅಂಚು ತೋರಿಸುವ ಕೆಂಪು ಬೋಯಾ (ತೇಲುವ ಗುರುತು) ಬಲಕ್ಕೆ, ನಮ್ಮಲ್ಲಿ ಎಡಕ್ಕೆ. ಆ ಸಾಲನ್ನು ಇದ್ದ ಹಾಗೇ ಕನ್ನಡಿಸಿದರೆ ದೋಣಿ ಕಾಲುವೆ ಬಿಟ್ಟು ಕಾಮಗಾರಿಯೊಳಗೆ ಬರುತ್ತದೆ. ವಿಶೇಷ ಪ್ರದೇಶದ ಗುರುತು ಎರಡೂ ಕಡೆ ಹಳದಿ, ನಿಮ್ಮ ಗೆರೆಗೆ ಅದನ್ನೇ ಬಳಸಿ. ಹೂಳೆತ್ತುವ ನೌಕೆಯ ಗುರುತುಗಳೂ ಎಲ್ಲ ಕಡೆ ಒಂದೇ. ಅಡಚಣೆ ಇರುವ ಮಗ್ಗುಲಲ್ಲಿ ಹಗಲು ಒಂದರ ಮೇಲೊಂದು ಎರಡು ಕಪ್ಪು ಗುಂಡು, ರಾತ್ರಿ ಎರಡು ಕೆಂಪು ದೀಪ. ದಾಟಬಹುದಾದ ಮಗ್ಗುಲಲ್ಲಿ ಹಗಲು ಒಂದರ ಮೇಲೊಂದು ಎರಡು ಕಪ್ಪು ವಜ್ರಾಕೃತಿ, ರಾತ್ರಿ ಎರಡು ಹಸಿರು ದೀಪ. ಇದನ್ನು ಫಲಕದಲ್ಲಿ ಚಿತ್ರವಾಗಿಯೇ ಹಾಕಿ, ಪದ ಹುಡುಕುವ ಶ್ರಮ ಬೇಡ.

ಅಲ್ಲಿನ ‘ಕ್ಯಾಪ್ಟನ್ ಆಫ್ ದ ಪೋರ್ಟ್’ ಹಡಗಿನ ಕಪ್ತಾನನಲ್ಲ, ಅನುಮತಿ ಕೊಡುವ ಕೋಸ್ಟ್ ಗಾರ್ಡ್ ಅಧಿಕಾರಿ. ‘ಬಂದರು ವ್ಯಾಪ್ತಿಯ ಕೋಸ್ಟ್ ಗಾರ್ಡ್ ಅಧಿಕಾರಿ’ ಎಂದು ಬಿಡಿಸಿ ಬರೆಯಿರಿ. ನಮ್ಮ ‘ಬಂದರು ಅಧಿಕಾರಿ’ ಬೇರೆ ಹುದ್ದೆ.

ಕೇಳಿದವರಿಂದ

ಇಬ್ಬರಿಗೂ ವಂದನೆ. ಅಳಿವೆಗೆ ಹೊಂದುವಂತೆ ಫಲಕವನ್ನು ತಿದ್ದಿದ್ದೇನೆ:

“ದೋಣಿ ಬರಕೂಡದು.
ಬೋಟ್, ನಾಡದೋಣಿ, ಪಾತಿದೋಣಿ, ಯಾವುದೂ.
ನೀರೊಳಗೆ ವಯರ್ ರೋಪ್ ಇದೆ.
ದಾಟುವವರು ಹಳದಿ ಬೋಯಾಗಳ ಹೊರಗೆ, ಒಂದೊಂದಾಗಿ, ಅಲೆ ಏಳದಷ್ಟು ನಿಧಾನ.
15ನೇ ತಾರೀಕಿನವರೆಗೆ.”

ಸಮುದ್ರದ ಕಡೆಗೂ ಘಟ್ಟದ ಕಡೆಗೂ 300 ಮೀಟರಿಗೆ ಇದು, ಅದಕ್ಕೂ ಮೊದಲು ನಿಧಾನಿಸುವ ಫಲಕ ಬೇರೆ.

ಉತ್ತರ

ಕೊನೆಯ ಸಾಲು ಮಾತ್ರ ಬದಲಿಸಿ. ‘ವರೆಗೆ’ಯಲ್ಲಿ 15 ಸೇರಿತೋ ಇಲ್ಲವೋ ಎಂಬುದು ಇಬ್ಬರು ಓದಿದರೆ ಎರಡು ಉತ್ತರ. ತಿಂಗಳು, ವರ್ಷವನ್ನೂ ಹಾಕಿ ‘15ರ ಸಂಜೆ 6 ಗಂಟೆಗೆ ಮುಗಿಯುತ್ತದೆ’ ಎನ್ನಿ. ‘ಮುಂದಿನ ಆದೇಶದವರೆಗೆ’ ತೆಗೆದದ್ದು ಒಳ್ಳೆಯದಾಯಿತು. ಆ ಮಾತಿದ್ದ ಫಲಕ ಕೆಲಸ ಮುಗಿದ ಮೇಲೂ ದಡದಲ್ಲೇ ಉಳಿಯುತ್ತದೆ, ಮುಂದಿನ ಕಾಮಗಾರಿಗೆ ಹೊಸದನ್ನು ನೆಟ್ಟಾಗ ಅದನ್ನೂ ಯಾರೂ ತಿರುಗಿ ನೋಡುವುದಿಲ್ಲ. ಅವಧಿ ಮುಂದುವರಿದರೆ ತಾರೀಕಿನ ಪಟ್ಟಿಯನ್ನಷ್ಟೇ ಬದಲಿಸುವ ಹಾಗೆ ಅದನ್ನು ಬೇರೆ ಹಲಗೆಯಲ್ಲಿ ಬರೆಸಿ ಕೆಳಗೆ ತೂಗುಹಾಕಿ.