ಸಹಾಯ ಬೇಕು: ಚಿಕ್ಕಪೇಟೆಯ ಹಳೇ ಮನೆ ಕೆಡವೋ ಮುಂಚೆ ನೆಲದಡಿ ಏನಿದೆ ಅಂತ ತಿಳಿಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಚಿಕ್ಕಪೇಟೆ ಕಡೆ ನಮ್ಮ ತಾತನ ಕಾಲದ ಮನೆ ಇದೆ. ಅದನ್ನು ಕೆಡವಿ, ಬೇಸ್‌ಮೆಂಟ್ ಇರುವ ಕಟ್ಟಡ ಕಟ್ಟಬೇಕು ಅಂತ ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ಜೆಸಿಬಿ ಬರೋ ಮುಂಚೆ ಮಣ್ಣಿನಡಿ ಏನಿರಬಹುದು ಅಂತ ತಿಳಿದವರಿಂದ ನೋಡಿಸಬೇಕು ಅನ್ನೋದು ನನ್ನಾಸೆ.

1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದ ಪೇಟೆ ಇದು. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆ ಮುತ್ತಿಗೆ ಹಾಕಿದಾಗಲೂ ಸುತ್ತ ಗೋಡೆ, ಕಂದಕ, ಮುಳ್ಳುಬೇಲಿ ಇತ್ತು. ಈಗ ಮೇಲೆ ಏನೂ ಕಾಣಲ್ಲ. ಆದರೆ ಮೆಟ್ರೋಗೆ ಅಗೆದಾಗ ಕೋಟೆ ಹತ್ತಿರ ಫಿರಂಗಿಗಳೇ ಸಿಕ್ಕಿದ್ವು ಅಲ್ವಾ? ನಮ್ಮ ಹಿತ್ತಲಲ್ಲೂ ಒಂದು ಮುಚ್ಚಿದ ಬಾವಿ ಇದೆ. ಬಾಯಿಯ ಸುತ್ತ ಇಟ್ಟಿಗೆ. ಒಂದಾಳುದ್ದ ಕೆಳಗೆ ಗಾರೆ ಇಲ್ಲದೆ ಜೋಡಿಸಿದ ದಪ್ಪ ಕಲ್ಲು. ಅದು ಇಟ್ಟಿಗೆಗಿಂತ ಹಳೆಯದು ಅಂತ ನನಗನ್ನಿಸುತ್ತೆ.

ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟೋ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ನಮ್ಮ ಸೈಟು ಇದೆಲ್ಲದರ ಹೊರಗಿದೆ. ಅಂದರೆ ನಾವಾಗೇ ನೋಡಿಸದಿದ್ದರೆ ಎಲ್ಲವೂ ಲಾರಿ ತುಂಬಿ ಹೋಗುತ್ತೆ.

ಮುತ್ತಿಗೆ ಕಾಲದ ನಕ್ಷೆಯನ್ನು ಈಗಿನ ಸರ್ವೆ ನಕ್ಷೆ ಮೇಲೆ ಕೂರಿಸಿ ಕೊಡುವವರು ಯಾರಾದರೂ ಇದ್ದೀರಾ? ಹೇಗೂ ಸಾಯಿಲ್ ಟೆಸ್ಟ್‌ಗೆ ಬೋರ್ ಹಾಕಿಸುತ್ತೇವೆ. ಆ ಮಣ್ಣಿನ ಪದರ ನೋಡಿ ಯಾವುದು ತುಂಬಿದ ಮಣ್ಣು, ಯಾವುದು ಮೂಲ ನೆಲ ಅಂತ ಹೇಳಬಲ್ಲವರು ಬೇಕು. ಪರೀಕ್ಷೆಗೆ ಒಂದು ಗುಂಡಿ ತೋಡಲು ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟವರಿದ್ದರೆ ದಯವಿಟ್ಟು ದಾರಿ ಹೇಳಿ. ಖರ್ಚು ನಾನೇ ಕೊಡುತ್ತೇನೆ.